ಮಿಂಚುಳ್ಳಿ ಅರ್ಧಕ್ಕೇ ನಿಂತಿದೆ, ಬ್ರಷ್ ಹಿಡಿಯೋಕೆ ಮನಸ್ಸೇ ಬರುತ್ತಿಲ್ಲ. ನಿಮಗೂ ಹೀಗಾಗಿದೆಯಾ?

ಅರೆಬರೆಕುಂಚ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು, ಇವತ್ತು ಕೇಳಿಯೇ ಬಿಡೋಣ ಅಂತ ಬಂದೆ.

ನಾನು ಚಿತ್ರ ಬಿಡಿಸೋದನ್ನು ಕಲಿತವನಲ್ಲ. ಎರಡು ವರ್ಷದ ಹಿಂದೆ ಕಿಟಕಿಯಾಚೆ ತಂತಿಯ ಮೇಲೆ ಕೂತಿದ್ದ ಕಾಜಾಣವನ್ನು ಒಂದು ಲಕೋಟೆಯ ಹಿಂದೆ ಬಾಲ್‌ಪೆನ್ನಿನಲ್ಲಿ ಗೀಚಿದೆ. ಕವಲು ಬಾಲ ಒಂದು ಸರಿ ಬಂತು, ಮಿಕ್ಕಿದ್ದೆಲ್ಲ ಹಳೇ ಚಪ್ಪಲಿ ಥರ ಇತ್ತು. ಆದರೂ ಅವತ್ತು ಆದ ಖುಷಿ ಇದೆಯಲ್ಲ, ಅದೇ ಹುಚ್ಚು ಹಿಡಿಸಿತು. ಜಲವರ್ಣ ತಂದೆ, ಹಾಳೆ ತಂದೆ, ಮೊದಲ ವರ್ಷ ಐವತ್ತಕ್ಕೂ ಜಾಸ್ತಿ ಹಕ್ಕಿ ಬಿಡಿಸಿದೆ. ಕೆಲಸ ಮುಗಿಸಿ ಮನೆಗೆ ಬಂದವನು ಬ್ಯಾಗ್ ಕೂಡ ಇಳಿಸದೆ ಟೇಬಲ್ ಮುಂದೆ ಕೂರುತ್ತಿದ್ದೆ.

ಆಮೇಲೆ ಚಿತ್ರಗಳನ್ನು ಆನ್‌ಲೈನಲ್ಲಿ ಹಾಕೋಕೆ ಶುರು ಮಾಡಿದೆ. ಒಂದು ಪಿಕಳಾರಕ್ಕೆ ತುಂಬಾ ಲೈಕ್ ಬಂತು. ಮುಂದಿನದಕ್ಕೆ ಬರಲಿಲ್ಲ. ಒಂದು ಸ್ಪರ್ಧೆಗೆ ಕಳಿಸಿದೆ, ಆಯ್ಕೆಯಾಗಲಿಲ್ಲ. ಮನೆಯಲ್ಲಿ "ಇಷ್ಟೊಂದು ಬಿಡಿಸ್ತೀಯ, ಮಾರಬಹುದಲ್ವಾ" ಅಂದರು. ಯಾವುದೂ ದೊಡ್ಡ ವಿಷಯ ಅಲ್ಲ, ಗೊತ್ತು. ಆದರೆ ಈಗ ಮೂರು ವಾರದಿಂದ ಟೇಬಲ್ ಮೇಲೆ ಒಂದು ಮಿಂಚುಳ್ಳಿ ಅರ್ಧಕ್ಕೇ ನಿಂತಿದೆ. ಕಣ್ಣು ಆಗಿದೆ, ಕೊಕ್ಕು ಆಗಿದೆ (ಮೇಲೆ ಕಪ್ಪು, ಕೆಳಗೆ ಕೆಂಪು, ಚೆನ್ನಾಗಿಯೇ ಬಂದಿದೆ), ಎದೆಯ ಕಿತ್ತಳೆಯೂ ಆಗಿದೆ. ಬೆನ್ನಿನ ನೀಲಿ ಮಾತ್ರ ಕೆಸರಾಗಿ ಹೋಯಿತು. ಅಲ್ಲಿಂದ ಮುಂದಕ್ಕೆ ಹೋಗೋಕೇ ಆಗುತ್ತಿಲ್ಲ. ಅವನು ನನ್ನನ್ನೇ ನೋಡುತ್ತಿರುತ್ತಾನೆ, ನಾನು ದೀಪ ಆರಿಸಿ ಮಲಗುತ್ತೇನೆ.

ಎರಡು ಪ್ರಶ್ನೆ. ನೀಲಿ ಯಾಕೆ ಕೆಡುತ್ತದೆ? ಹುಮ್ಮಸ್ಸು ಹೋದಾಗ ನೀವೆಲ್ಲ ಏನು ಮಾಡುತ್ತೀರಿ?

ರೆಕ್ಕೆಪುಕ್ಕ
ಕಣ್ಣು ಮೊದಲು ಬಿಡಿಸಿದ್ದೇ ತಪ್ಪು. ಯಾರಾದರೂ ದಿಟ್ಟಿಸಿ ನೋಡುತ್ತಾ ಇದ್ದರೆ ಕೆಲಸ ಸಾಗುತ್ತದಾ?

ಸುಮ್ನೆಓದುಗ
ನಾನು ಕಣ್ಣು ಕೊನೆಗೆ ಇಡೋಣ ಅಂತ ಬಿಟ್ಟು, ಕೊನೆಗೆ ಕೈ ನಡುಗಿ, ಗೂಬೆಗೆ ಮಾಲುಗಣ್ಣು ಮಾಡಿದವನು. ಮೊದಲೇ ಇಡೋದು ವಾಸಿ. ಕೆಟ್ಟರೆ ಹಾಳೆ ತಿರುಗಿಸಬಹುದು.

ನೀರುಬಣ್ಣ
ಮೊದಲ ಪ್ರಶ್ನೆಗೆ ಉತ್ತರ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ.

ಕಿತ್ತಳೆ ಒಣಗೋ ಮೊದಲೇ ಪಕ್ಕದಲ್ಲಿ ನೀಲಿ ಹಾಕಿದಿರಿ ಅಲ್ವಾ? ಕಿತ್ತಳೆ, ನೀಲಿ ಬಣ್ಣಚಕ್ರದಲ್ಲಿ ಎದುರು ಬದುರು ಬಣ್ಣಗಳು. ಪಕ್ಕಪಕ್ಕ ಇದ್ದರೆ ಒಂದನ್ನೊಂದು ಎತ್ತಿ ಹಿಡಿಯುತ್ತವೆ, ಬೆರೆತರೆ ಒಂದನ್ನೊಂದು ಕೊಲ್ಲುತ್ತವೆ. ನಿಮ್ಮ ಕೆಸರು ಅದೇ. ಇನ್ನೊಂದು, ನೀಲಿ ಸರಿ ಬರಲಿಲ್ಲ ಅಂತ ಒದ್ದೆ ಇರುವಾಗಲೇ ಮತ್ತೆ ಮತ್ತೆ ಉಜ್ಜಿರುತ್ತೀರಿ. ಒಂದು ಪದರ ಹಾಕಿ, ಎದ್ದು ಹೋಗಿ. ಹಾಳೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ.

ಇನ್ನು ಆ ನೀಲಿಯ ಗುಟ್ಟು. ಮಿಂಚುಳ್ಳಿಯ ಬೆನ್ನಿನಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಗರಿಯ ಎಳೆಗಳ ಒಳಗೆ ಸ್ಪಂಜಿನ ಥರದ ಬಹಳ ಸಣ್ಣ ರಚನೆ ಇದೆ, ಬೆಳಕು ಅದಕ್ಕೆ ಬಿದ್ದು ಚದುರಿದಾಗ ನಮಗೆ ನೀಲಿ ಕಾಣುತ್ತದೆ. ಹಾಗಾಗಿ ಯಾವ ಟ್ಯೂಬಿನಲ್ಲೂ ಅದು ಸಿಗಲ್ಲ. ನಾವು ಮೋಸ ಮಾಡಬೇಕು. ಬೆನ್ನಿನ ನಡುವೆ ತುಂಬಾ ತೆಳು ಥಾಲೋ ನೀಲಿ ಒಂದೇ ಸಲ ಹಾಕಿ ಹಾಗೇ ಬಿಡಿ. ತಲೆ, ರೆಕ್ಕೆಗೆ ಅಲ್ಟ್ರಾಮರೀನ್ ನೀಲಿ ಗಾಢವಾಗಿ ಕೊಡಿ. ಪಕ್ಕ ಕತ್ತಲಾದಾಗ ನಡುವಿನದು ತಾನಾಗಿ ಹೊಳೆಯುತ್ತದೆ.

ಅರೆಬರೆಕುಂಚ
ಅಯ್ಯೋ, ಉಜ್ಜಿದ್ದು ಹೌದು. ಹಾಳೆಯ ಮೇಲೆ ನೂಲು ಎದ್ದಿದೆ. ನೀವು ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳಿದ್ದೀರಿ.

ನೀರುಬಣ್ಣ
ಎಲ್ಲರೂ ಉಜ್ಜಿದವರೇ ಸಾರ್.

ದಿನಕ್ಕೊಂದುಗೆರೆ
ಎರಡನೇ ಪ್ರಶ್ನೆಗೆ ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹುಮ್ಮಸ್ಸು ಬರಲಿ ಅಂತ ಕಾಯೋದು ದೊಡ್ಡ ತಪ್ಪು. ಅದು ಕೂತ ಮೇಲೆ ಬರುವಂಥದ್ದು, ಕೂರೋಕೆ ಮೊದಲು ಬರೋದಲ್ಲ. ನಾನು ನಾಲ್ಕು ವರ್ಷದಿಂದ ದಿನಾ ಹತ್ತು ನಿಮಿಷ ಕೂರುತ್ತೇನೆ. ಮನಸ್ಸಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜ್ವರ ಬಂದ ದಿನ ಹಾಸಿಗೆಯಲ್ಲೇ ಒಂದು ಕೊಕ್ಕು ಬಿಡಿಸಿದ್ದೇನೆ.

ತಡರಾತ್ರಿ
ನಿಮಗೆ ಒಗ್ಗಿದ್ದು ಎಲ್ಲರಿಗೂ ಒಗ್ಗಬೇಕಿಲ್ಲ. ನಾನು "ತಿಂಗಳಿಗೆ ಮೂವತ್ತು ಹಕ್ಕಿ" ಅಂತ ಹಠ ತೊಟ್ಟು ಶುರು ಮಾಡಿದೆ. ಹತ್ತೊಂಬತ್ತನೇ ದಿನ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇದೆ, ನಾನು ಒಂದು ಮೈನಾಕ್ಕೆ ಹಳದಿ ಬಳಿಯುತ್ತಾ ಇದ್ದೇನೆ, ಅದರ ಮುಖ ನೋಡಿದರೆ ಕೋಪ ಬರುತ್ತಿದೆ. ಮೈನಾ ಏನು ಮಾಡಿತ್ತು ಪಾಪ! ಅವತ್ತು ಮುಚ್ಚಿಟ್ಟ ಸ್ಕೆಚ್‌ಬುಕ್ಕನ್ನು ಎಂಟು ತಿಂಗಳು ತೆರೆಯಲಿಲ್ಲ. ಆಫೀಸಿನಲ್ಲಿ ಗಡುವು, ಮನೆಗೆ ಬಂದರೂ ಗಡುವು, ಇದಕ್ಕೆ ಹವ್ಯಾಸ ಅಂತ ಯಾಕೆ ಹೆಸರು?

ದಿನಕ್ಕೊಂದುಗೆರೆ
ಮೂವತ್ತು ಮುಗಿಸಿದ ಚಿತ್ರ ಬೇರೆ, ಹತ್ತು ನಿಮಿಷ ಗೀಚೋದು ಬೇರೆ. ನಾನು ಹೇಳಿದ್ದು ಗೀಚೋದು. ನೀವು ಅಲ್ಲಿ ಸೋತಿದ್ದು ದಿನಚರಿಯಿಂದ ಅಲ್ಲ, ಮುಗಿಸಲೇಬೇಕು ಅನ್ನೋದರಿಂದ.

ತಡರಾತ್ರಿ
ಇದು ಸರಿ. ಆದರೆ ಜ್ವರದಲ್ಲಿ ಕೊಕ್ಕು ಬಿಡಿಸೋದು ನನಗೆ ಇವತ್ತಿಗೂ ಅತಿ ಅನ್ನಿಸುತ್ತದೆ.

ಕಾಗೆಪಕ್ಷ
ನನ್ನ ಸಲಹೆ ಯಾವಾಗಲೂ ಒಂದೇ, ಇಲ್ಲಿ ಹಳಬರಿಗೆಲ್ಲ ಗೊತ್ತು. ಕಾಗೆ ಬಿಡಿಸಿ.

ನಗಬೇಡಿ. ಮಿಂಚುಳ್ಳಿಯನ್ನು ನೀವು ಎಷ್ಟು ಸಲ ಕಣ್ಣಾರೆ ನೋಡಿದ್ದೀರಿ? ಸುಂಯ್ ಅಂತ ಹೋಗುತ್ತದೆ, ನೀಲಿ ಗೆರೆ ಕಂಡಿತಾ ಇಲ್ಲವಾ ಅನ್ನೋ ಅನುಮಾನ ಉಳಿಯುತ್ತದೆ. ಹಾಗಾಗಿ ಫೋಟೋ ನೋಡಿ ಬಿಡಿಸುತ್ತೀರಿ. ಫೋಟೋ ನಿಮ್ಮನ್ನು ಆಡಿಸುತ್ತದೆ, ಗರಿ ಲೆಕ್ಕ ಮಾಡಿಸುತ್ತದೆ. ಕಾಗೆ ಹಾಗಲ್ಲ. ಕಾಂಪೌಂಡ್ ಮೇಲೆ ಬಂದು ಕೂರುತ್ತದೆ, ನೀವು ನೋಡುತ್ತಿದ್ದೀರಿ ಅಂತ ಅದಕ್ಕೂ ಗೊತ್ತಿರುತ್ತದೆ, ಮಧ್ಯೆ ಮಧ್ಯೆ ಅದೂ ನಿಮ್ಮನ್ನು ನೋಡುತ್ತದೆ.

ನಾನು ಮಾಡೋದು ಇಷ್ಟು. ಮೂವತ್ತು ಸೆಕೆಂಡು, ಒಂದು ಚಿತ್ರ. ಮೊದಲು ಮೈ ವಾಲಿರುವ ದಿಕ್ಕಿಗೆ ಒಂದು ಗೆರೆ. ಅದರ ಮೇಲೆ ಒಂದು ಮೊಟ್ಟೆ, ಸಣ್ಣದೊಂದು ತಲೆ, ಕೊಕ್ಕಿನ ದಿಕ್ಕು. ಕಾಲು ಎಲ್ಲಿ ಊರಿದೆ ಅಂತ ಎರಡು ಚುಕ್ಕೆ. ಅಷ್ಟೇ, ಹಾರಿ ಹೋಯಿತು, ಮುಂದಿನದು. ಒಂದು ಹಾಳೆಯಲ್ಲಿ ಇಪ್ಪತ್ತು ಕಾಗೆ, ಅದರಲ್ಲಿ ಹದಿನೇಳು ಬಂಡೆಕಲ್ಲಿನ ಥರ ಇರುತ್ತವೆ. ಮೂರು ಮಾತ್ರ ಈಗಲೋ ಆಗಲೋ ಹಾರುವ ಹಾಗೆ ಇರುತ್ತವೆ. ಆ ಮೂರಕ್ಕಾಗಿಯೇ ನಾನು ಬೆಳಿಗ್ಗೆ ಏಳೋದು.

ಸುಮ್ನೆಓದುಗ
ಕಾಗೆ ಬರೀ ಕಪ್ಪಲ್ವಾ ಗುರುಗಳೇ, ಬಣ್ಣ ಹಚ್ಚೋಕೆ ಏನಿದೆ?

ಕಾಗೆಪಕ್ಷ
ಈ ಮಾತಿಗೇ ಕಾಯುತ್ತಿದ್ದೆ. ಕಾಗೆಗೆ ಟ್ಯೂಬಿನ ಕಪ್ಪು ಹಾಕಿದರೆ ಹಾಳೆಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿ. ನೀಲಿ ಜಾಸ್ತಿಯಾದರೆ ತಣ್ಣನೆಯ ಕಪ್ಪು, ಕಂದು ಜಾಸ್ತಿಯಾದರೆ ಬೆಚ್ಚನೆಯ ಕಪ್ಪು. ಬಿಸಿಲಿನಲ್ಲಿ ಕೂತ ಕಾಗೆಯ ಬೆನ್ನು ನೋಡಿ: ಭುಜದ ಹತ್ತಿರ ನೇರಳೆ ಹೊಳಪು, ಬೆಳಕು ಬಿದ್ದ ಅಂಚಿನಲ್ಲಿ ಹೆಚ್ಚೂಕಮ್ಮಿ ಬಿಳಿ. ಊರ ಕಾಗೆಯಾದರೆ ಕುತ್ತಿಗೆ ಬೂದು, ಆ ಬೂದು ಕಪ್ಪಿನೊಳಗೆ ಕರಗುವ ಜಾಗ ಇದೆಯಲ್ಲ, ಅಲ್ಲಿ ಗೆರೆ ಇಲ್ಲ. ನನಗೆ ಅದನ್ನು ಕಾಣೋಕೆ ಎರಡು ವರ್ಷ ಬೇಕಾಯಿತು. ಮೂಗಿನ ಹೊಳ್ಳೆ ಮುಚ್ಚುವ ಬಿರುಗೂದಲು ಕೊಕ್ಕಿನ ಬುಡದಲ್ಲಿ ಮುಂದಕ್ಕೆ ಬಾಗಿರುತ್ತವೆ. ಮೊಣಕಾಲು ಹಿಂದಕ್ಕೆ ಮಡಚಿ ನಡೆಯುವಾಗ...

ಬೈನಾಕ್ಯುಲರ್
ಅಲ್ಲೇ ನಿಲ್ಲಿಸಿ. ಅದು ಮೊಣಕಾಲಲ್ಲ. ಹಿಂದಕ್ಕೆ ಬಾಗಿದ ಹಾಗೆ ಕಾಣೋದು ಹಕ್ಕಿಯ ಹಿಮ್ಮಡಿ ಗಂಟು. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಗರಿಗಳ ಒಳಗಿದೆ, ಅದು ನಮ್ಮ ಹಾಗೇ ಮುಂದಕ್ಕೇ ಬಾಗುತ್ತದೆ. ಹಕ್ಕಿ ಓಡಾಡೋದೇ ಬೆರಳ ಮೇಲೆ, ತುದಿಗಾಲಲ್ಲಿ.

ಚಿತ್ರಕ್ಕೆ ಇದು ಯಾಕೆ ಮುಖ್ಯ ಅಂದರೆ, ತೊಡೆ ಒಳಗೆ ಮುಂದಕ್ಕೆ ಚಾಚಿರುವುದರಿಂದ ಪಾದ ಮೈಯ ನಡುಭಾಗದ ಕೆಳಗೆ ಬರುತ್ತದೆ. ಹೊಸಬರು ಕಾಲನ್ನು ಬಾಲದ ಹತ್ತಿರ ಅಂಟಿಸುತ್ತಾರೆ, ಹಕ್ಕಿ ಮುಗ್ಗರಿಸಿದ ಹಾಗೆ ಕಾಣುತ್ತದೆ. ಬೆರಳೂ ಅಷ್ಟೇ. ಹೆಚ್ಚಿನ ಸಣ್ಣ ಹಕ್ಕಿಗಳಿಗೆ ಮುಂದೆ ಮೂರು, ಹಿಂದೆ ಒಂದು. ಗಿಳಿಗೆ ಮುಂದೆ ಎರಡು, ಹಿಂದೆ ಎರಡು.

ಸುಮ್ನೆಓದುಗ
ನನ್ನ ಇಷ್ಟು ವರ್ಷದ ನಂಬಿಕೆ ಒಂದೇ ಏಟಿಗೆ ಹೋಯಿತು.

ಕಾಗೆಪಕ್ಷ
ಸರಿ ಸಾರ್, ಹಿಮ್ಮಡಿ. ಕಾಗೆಗೆ ಏನೂ ಬೇಜಾರಿಲ್ಲ.

ಅಳಿಸುರಬ್ಬರ್
ಫೋಟೋವನ್ನು ಯಾಕೆ ಇಷ್ಟು ಬೈಯುತ್ತೀರೋ. ನನಗೆ ದೃಷ್ಟಿ ಮಂದ, ಜೀವಂತ ಹಕ್ಕಿ ನೋಡಿ ಬಿಡಿಸೋಕೆ ಆಗಲ್ಲ. ಹಾಗಾದರೆ ನಾನು ಹಕ್ಕಿ ಬಿಡಿಸಲೇ ಬಾರದಾ? ದೊಡ್ಡ ದೊಡ್ಡವರೇನು ಹಾರುವ ಹಕ್ಕಿ ನೋಡಿ ಬಿಡಿಸಿದರಾ? ಅಮೆರಿಕದ ಹೆಸರಾಂತ ಹಕ್ಕಿ ಚಿತ್ರಕಾರ ಆಡುಬಾನ್ ಹಕ್ಕಿಗಳನ್ನು ಗುಂಡು ಹೊಡೆದು ಕೊಂದು, ಚೌಕಳಿ ಗೆರೆ ಎಳೆದ ಹಲಗೆಗೆ ತಂತಿಯಿಂದ ಬಿಗಿದು, ಬೇಕಾದ ಭಂಗಿಯಲ್ಲಿ ನಿಲ್ಲಿಸಿಕೊಂಡು ಬಿಡಿಸುತ್ತಿದ್ದ. ನಾನು ಫೋನಿನಲ್ಲಿ ಒಂದು ಫೋಟೋ ದೊಡ್ಡದು ಮಾಡಿದರೆ ನಿಮಗೆ ಸಂಕಟ.

ಮೂರನೇಸುತ್ತು
ಆಡುಬಾನ್ ಮಾತು ಬಂತಲ್ಲ, ಒಂದು ಸಂಗತಿ ನನಗೆ ತುಂಬಾ ಇಷ್ಟ. 1827ರಿಂದ 1838ರವರೆಗೆ ಬಂದ ಅವನ 'ಬರ್ಡ್ಸ್ ಆಫ್ ಅಮೆರಿಕ' ಪುಸ್ತಕದ 435 ಫಲಕಗಳಲ್ಲಿ ಎಲ್ಲ ಹಕ್ಕಿಗಳೂ ನಿಜವಾದ ಅಳತೆಯಲ್ಲೇ ಇರಬೇಕು ಅಂತ ಹಠ. ರಾಜಹಂಸ (ಫ್ಲೆಮಿಂಗೊ) ಉದ್ದ ಕಾಲು, ಉದ್ದ ಕತ್ತಿನ ಹಕ್ಕಿ, ಅಷ್ಟು ದೊಡ್ಡ ಹಾಳೆಯಲ್ಲೂ ಹಿಡಿಸಲ್ಲ. ಏನು ಮಾಡಿದ? ಕತ್ತು ಬಗ್ಗಿಸಿ ತಲೆಯನ್ನು ನೆಲದ ಹತ್ತಿರ ತಂದ. ಈಗ ಜನ ಅದರ ಭಂಗಿ ಎಷ್ಟು ಚೆಂದ ಅಂತಾರೆ. ಹಾಳೆ ಸಾಲದೆ ಬಂದ ಭಂಗಿ ಅದು!

ನಮ್ಮ ಕಡೆ ನೋಡಿದರೆ ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್. ಸೈಬೀರಿಯಾದ ಬಿಳಿ ಕೊಕ್ಕರೆಯನ್ನು ಅವನು ಬಿಡಿಸಿದಾಗ ಯುರೋಪಿನ ವಿಜ್ಞಾನಿಗಳು ಆ ಹಕ್ಕಿಗೆ ಹೆಸರೇ ಇಟ್ಟಿರಲಿಲ್ಲ. ಜರ್ಮನ್ ನಿಸರ್ಗವಿಜ್ಞಾನಿ ಪಲ್ಲಾಸ್ ಅದನ್ನು ವಿವರಿಸಿ ಹೆಸರಿಟ್ಟಿದ್ದು 1773ರಲ್ಲಿ, ಅಂದರೆ ನೂರಕ್ಕೂ ಜಾಸ್ತಿ ವರ್ಷ ತಡವಾಗಿ.

ರೆಕ್ಕೆಪುಕ್ಕ
ಮನ್ಸೂರನ ಗರಿಗಳನ್ನು ನೋಡಿದವರು ಗರಿ ಲೆಕ್ಕ ಮಾಡೋದನ್ನು ಬೈಯಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲರೂ "ಸಡಿಲವಾಗಿ ಬಿಡಿಸಿ, ಸಡಿಲವಾಗಿ ಬಿಡಿಸಿ" ಅಂತಾರೆ. ಗೊತ್ತಿದ್ದು ಬಿಡೋದು ಬೇರೆ, ಗೊತ್ತಿಲ್ಲದೆ ಬಿಡೋದು ಬೇರೆ. ಹೆಚ್ಚಿನ ಹಕ್ಕಿಗಳ ಬಾಲದಲ್ಲಿ ಹನ್ನೆರಡು ದೊಡ್ಡ ಗರಿ ಇರುತ್ತವೆ, ಬಾಲ ಮಡಚಿದಾಗ ನಡುವಿನ ಜೋಡಿ ಎಲ್ಲದರ ಮೇಲೆ ಬರುತ್ತದೆ. ಇಷ್ಟು ಗೊತ್ತಿದ್ದವರು ಮೂರೇ ಗೆರೆ ಎಳೆದರೂ ಅದು ಬಾಲ. ಗೊತ್ತಿಲ್ಲದವರು ಇಪ್ಪತ್ತು ಗೆರೆ ಎಳೆದರೂ ಪೊರಕೆ.

ತಡರಾತ್ರಿ
ಪೊರಕೆ ಬಿಡಿಸೋದರಲ್ಲಿ ನಾನು ಪ್ರವೀಣ. ಒಪ್ಪಿಕೊಂಡೆ.

ಕಾಗೆಪಕ್ಷ
@ಅಳಿಸುರಬ್ಬರ್ ನಿಮಗೆ ಹೇಳಿದ್ದಲ್ಲ ಅಕ್ಕಾ, ತಪ್ಪು ತಿಳಿಯಬೇಡಿ. ಫೋಟೋ ನೋಡಿ ಬಿಡಿಸೋದು ಬೇಡ ಅಂದಿಲ್ಲ, ಹುಮ್ಮಸ್ಸು ಹೋದವರಿಗೆ ಫೋಟೋ ಔಷಧ ಅಲ್ಲ ಅಂದೆ ಅಷ್ಟೇ.

ಅಳಿಸುರಬ್ಬರ್
ನಾನು ಅಕ್ಕ ಅಲ್ಲ, ಅಣ್ಣ. ಇರಲಿ ಬಿಡಿ.

ನಿಯಮಪಾಲಕ
ಫೋಟೋ ಬಗ್ಗೆ ಒಂದು ಮಾತು. ಮನೆಯಲ್ಲಿ ಅಭ್ಯಾಸಕ್ಕೆ ಯಾವುದನ್ನು ನೋಡಿ ಬಿಡಿಸಿದರೂ ಯಾರೂ ಕೇಳಲ್ಲ. ಆದರೆ ಸ್ಪರ್ಧೆಗೆ ಕಳಿಸುವಾಗ, ಮಾರುವಾಗ, ಆ ಫೋಟೋ ತೆಗೆದವರ ಒಪ್ಪಿಗೆ ಬೇಕು. ಅವರು ಕೆಸರಲ್ಲಿ ಮಲಗಿ ತೆಗೆದಿರುತ್ತಾರೆ. ಒಂದು ಸಾಲು ಬರೆದು ಕೇಳಿದರೆ ಎಷ್ಟೋ ಜನ ಖುಷಿಯಿಂದ ಹೂಂ ಅಂತಾರೆ. ಇಲ್ಲಾಂದ್ರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ, ಪ್ರತಿಯೊಂದರ ಕೆಳಗೂ ಷರತ್ತು ಬರೆದಿರುತ್ತದೆ, ಓದಿ. ಕೆಲವಕ್ಕೆ ಹೆಸರು ಹಾಕಲೇಬೇಕು.

ಅರೆಬರೆಕುಂಚ
ಇದು ನನಗೆ ಗೊತ್ತೇ ಇರಲಿಲ್ಲ. ಆ ಸ್ಪರ್ಧೆಗೆ ಕಳಿಸಿದ್ದು ನೆಟ್‌ನಲ್ಲಿ ಸಿಕ್ಕ ಫೋಟೋ ನೋಡಿ ಬಿಡಿಸಿದ್ದು. ಬಹುಶಃ ಅದಕ್ಕೇ ಹೋಯಿತೋ ಏನೋ. ಅಥವಾ ಚಿತ್ರವೇ ಚೆನ್ನಾಗಿರಲಿಲ್ಲವೋ. ಮೊದಲನೇದು ಅಂತಲೇ ಅಂದುಕೊಳ್ಳುತ್ತೇನೆ.

ಹಳೇಪೆನ್ಸಿಲ್
ನನಗೆ ಎಪ್ಪತ್ತು ದಾಟಿದೆ, ನಿಧಾನವಾಗಿ ಟೈಪ್ ಮಾಡುತ್ತೇನೆ, ಅಷ್ಟರಲ್ಲಿ ನೀವೆಲ್ಲ ಎಲ್ಲೆಲ್ಲಿಗೋ ಹೋಗಿರುತ್ತೀರಿ.

ನಾನು ಹಕ್ಕಿ ಬಿಡಿಸೋಕೆ ಶುರು ಮಾಡಿದ್ದು ನಿವೃತ್ತಿಯಾದ ಮೇಲೆ. ಕೆಲವು ವರ್ಷ ಚೆನ್ನಾಗಿ ನಡೆಯಿತು, ಆಮೇಲೆ ಏನು ಬಿಡಿಸಿದರೂ ಮಂಕು ಮಂಕು ಅನ್ನಿಸತೊಡಗಿತು. ಬಣ್ಣ ಬದಲಾಯಿಸಿದೆ, ಹಾಳೆ ಬದಲಾಯಿಸಿದೆ, ನನ್ನಲ್ಲೇ ಏನೋ ಆರಿಹೋಗಿದೆ ಅಂದುಕೊಂಡು ಬಿಟ್ಟೇ ಬಿಟ್ಟೆ. ಕೊನೆಗೆ ನೋಡಿದರೆ ಎರಡೂ ಕಣ್ಣಿಗೆ ಪೊರೆ! ಆಪರೇಷನ್ ಆದ ಮೇಲೆ ಮೊದಲ ದಿನ ಪಟ್ಟಿ ಬಿಚ್ಚಿ ಮನೆಗೆ ಬಂದು ನನ್ನ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಆಕಾಶವೆಲ್ಲ ಕಣ್ಣು ಕುಕ್ಕುವ ನೀಲಿ. ಪೊರೆ ಹಳದಿಗಾಜಿನ ಥರ ನೀಲಿಯನ್ನು ತಡೆಯುತ್ತಿತ್ತು, ನಾನು ಸಾಲದು ಸಾಲದು ಅಂತ ಬಳಿದಿದ್ದೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಗೂ ಇದೇ ಆಗಿತ್ತು, ಅವನು ಆಪರೇಷನ್ ಮಾಡಿಸಿಕೊಂಡಿದ್ದು 1923ರಲ್ಲಿ. ಅಷ್ಟು ದೊಡ್ಡವನ ಜೊತೆ ನನ್ನನ್ನು ಹೋಲಿಸಿಕೊಳ್ಳೋಕೆ ಕಣ್ಣಿನ ಪೊರೆ ಒಂದೇ ದಾರಿ.

ಹೇಳಬೇಕಾದ್ದು ಏನಂದರೆ, ಹುಮ್ಮಸ್ಸು ಹೋಯಿತು ಅಂದಾಗ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ದೀಪ ಸಾಲದೇ ಇರಬಹುದು, ಕುರ್ಚಿ ಸರಿಯಿಲ್ಲದೆ ಬೆನ್ನು ನೋಯುತ್ತಿರಬಹುದು, ನಿದ್ದೆ ಕೆಟ್ಟಿರಬಹುದು. ನೀವು ಕೆಲಸ ಮುಗಿಸಿ ರಾತ್ರಿ ಬಿಡಿಸುತ್ತೀರಿ ಅಂದಿರಿ. ಹಳದಿ ಬಲ್ಬಿನ ಕೆಳಗಾ?

ಅರೆಬರೆಕುಂಚ
ಹೌದು ಸಾರ್. ಹಳದಿ ಬಲ್ಬೇ.

ಹಳೇಪೆನ್ಸಿಲ್
ಹಾಗಾದರೆ ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ಇಟ್ಟು ನೋಡಿ. ಆ ನೀಲಿ ನೀವು ಅಂದುಕೊಂಡಷ್ಟು ಕೆಟ್ಟಿಲ್ಲದೇ ಇರಬಹುದು.

ಬೆರಳುಗೆರೆ
ಇಷ್ಟೆಲ್ಲ ಒದ್ದಾಟ ಯಾಕೆ? ಟ್ಯಾಬ್ಲೆಟ್‌ನಲ್ಲಿ ಬಿಡಿಸಿ. ಕೆಟ್ಟರೆ ಒಂದು ಒತ್ತು, ಹಿಂದಕ್ಕೆ ಹೋಗುತ್ತದೆ. ಹಾಳೆ ನೂಲು ಏಳಲ್ಲ.

ತಡರಾತ್ರಿ
ನಾನು ಟ್ಯಾಬ್ಲೆಟ್‌ನಲ್ಲಿ ಒಂದೇ ಕೊಕ್ಕನ್ನು ಅರವತ್ತು ಸಲ ಹಿಂದಕ್ಕೆ ತಂದಿದ್ದೇನೆ. ಹಾಳೆಯಲ್ಲಿ ಕೆಟ್ಟರೆ ಕೆಟ್ಟಿತು ಅಂತ ಮುಂದೆ ಹೋಗುತ್ತೀನಿ, ಅಲ್ಲಿ ಮುಂದೆ ಹೋಗೋಕೇ ಬಿಡಲ್ಲ.

ಗಾಳಿಮಾತು
ಎಐಗೆ ಒಂದು ಸಾಲು ಬರೆದರೆ ಹತ್ತು ಸೆಕೆಂಡಿನಲ್ಲಿ ಮಿಂಚುಳ್ಳಿ ಬರುತ್ತದೆ. ಸುಮ್ನೆ ಹೇಳಿದೆ.

ದಿನಕ್ಕೊಂದುಗೆರೆ
ನನ್ನ ಬದಲು ಇನ್ನೊಬ್ಬರು ವಾಕಿಂಗ್ ಹೋಗಿ ಬಂದರೆ ನನ್ನ ಸಕ್ಕರೆ ಇಳಿಯುತ್ತದಾ?

ಗಾಳಿಮಾತು
ಒಳ್ಳೆ ಏಟು. ಹೋದೆ.

ನೀರುಬಣ್ಣ
ಹಾಳೆ ನೂಲು ಏಳೋ ವಿಷಯ ಬಂದಿದ್ದರಿಂದ ಕೇಳುತ್ತೇನೆ, ಎಂಥ ಹಾಳೆ ಬಳಸುತ್ತೀರಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿಜ. ಆದರೆ ಜಲವರ್ಣದಲ್ಲಿ ನೆಲ ನಿಜವಾಗಿಯೂ ಡೊಂಕಿರಬಹುದು. ಬ್ರಷ್ ಒಂದೇ ಸಾಕು, ತುದಿ ಚೂಪಾಗಿ ಕೂರುವ ದುಂಡನೆಯ ಎಂಟನೇ ನಂಬರ್. ಬಣ್ಣ ಆರು ಸಾಕು. ದುಡ್ಡು ಉಳಿಸಿ ಹಾಳೆಗೆ ಹಾಕಿ: ಹತ್ತಿಯದು, ದಪ್ಪನೆಯದು, 300 ಜಿಎಸ್‌ಎಂ. ತೆಳು ಹಾಳೆ ನೀರು ಬಿದ್ದ ಕೂಡಲೇ ಸುರುಟುತ್ತದೆ, ಹಳ್ಳದಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ.

ಕಾಗೆಪಕ್ಷ
ಇದಕ್ಕೆ ನನ್ನ ವಿರೋಧ ಇದೆ. ಒಳ್ಳೆ ಹಾಳೆ ತಂದರೆ ಅದನ್ನು ಹಾಳು ಮಾಡೋಕೆ ಭಯ. ಭಯಕ್ಕೆ ಕೈ ಬಿಗಿ. ನನ್ನ ಕಾಗೆಗಳೆಲ್ಲ ಪ್ರಿಂಟರ್‌ನಲ್ಲಿ ಒಂದು ಮಗ್ಗುಲು ಹಾಳಾದ ಹಾಳೆಗಳ ಹಿಂದೆ ಇವೆ.

ನೀರುಬಣ್ಣ
ನಿಮ್ಮವು ಪೆನ್ಸಿಲ್ ಕಾಗೆ ಸಾರ್, ನಾನು ನೀರಿನ ಮಾತು ಆಡುತ್ತಿದ್ದೇನೆ! ಒಳ್ಳೆ ಹಾಳೆಯನ್ನೇ ನಾಲ್ಕು ತುಂಡು ಮಾಡಿ. ಚಿಕ್ಕದಾದರೆ ಭಯವೂ ಚಿಕ್ಕದು.

ಬೈನಾಕ್ಯುಲರ್
@ಅರೆಬರೆಕುಂಚ ನಿಮ್ಮ ಮಿಂಚುಳ್ಳಿ ಎಷ್ಟು ದೊಡ್ಡದು?

ಅರೆಬರೆಕುಂಚ
ಎ3 ಹಾಳೆ. ಹಕ್ಕಿಯೇ ಹೆಚ್ಚುಕಮ್ಮಿ ಒಂದಡಿ ಇದೆ.

ಬೈನಾಕ್ಯುಲರ್
ನಿಜವಾದ ಮಿಂಚುಳ್ಳಿ ಕೊಕ್ಕು ಸೇರಿ 16-17 ಸೆಂಟಿಮೀಟರ್. ಗುಬ್ಬಿಗಿಂತ ಒಂಚೂರು ದೊಡ್ಡದು ಅಷ್ಟೇ. ನೀವು ಬಿಡಿಸುತ್ತಿರೋದು ಮಿಂಚುಳ್ಳಿಯ ಗಾತ್ರದ್ದಲ್ಲ, ಕೋಳಿಯ ಗಾತ್ರದ್ದು. ಅಷ್ಟು ಜಾಗ ತುಂಬಿಸೋಕೆ ಯಾರಿಗಾದರೂ ಉತ್ಸಾಹ ಬತ್ತುತ್ತದೆ. ಅಂಗೈ ಅಗಲಕ್ಕೆ ಬಿಡಿಸಿ.

ಮನೆತುಂಬಗೀಚು
ನನ್ನ ಕಥೆ ಹೇಳಲಾ? ಬೆಳ್ಳಕ್ಕಿ ಬಿಡಿಸುತ್ತಿದ್ದೆ. ಬಿಳಿ ಹಕ್ಕಿ ಅಲ್ವಾ, ಮೈಯನ್ನು ಹಾಗೇ ಬಿಟ್ಟು, ಗೆರೆ ಎಳೆದು, ಕೊಕ್ಕಿಗೆ ಬಣ್ಣ ಹಚ್ಚಿ ಒಣಗೋಕೆ ಇಟ್ಟು ಒಳಗೆ ಹೋದೆ. ಬಂದು ನೋಡಿದರೆ ಆರು ವರ್ಷದ ಮಗಳು ಹೊಟ್ಟೆ ತುಂಬ ಹಸಿರು ಕ್ರೇಯಾನ್ ಬಳಿದಿದ್ದಾಳೆ. ಯಾಕೆ ಅಂದರೆ "ಖಾಲಿ ಇತ್ತು ಅಮ್ಮಾ". ಬೈಯೋಕೆ ಬಾಯಿ ತೆರೆದೆ, ಆಮೇಲೆ ಹೌದಲ್ಲ ಅನ್ನಿಸಿತು. ಖಾಲಿಯೇ ಇತ್ತು. ನಾನು ಬಿಳಿ ಬಿಡಿಸಿರಲಿಲ್ಲ, ಏನೂ ಬಿಡಿಸಿರಲಿಲ್ಲ.

ಮುಂದಿನ ಸಲ ಹಿಂದಿನ ಗದ್ದೆಯ ಹಸಿರನ್ನು ಮೊದಲು ಗಾಢವಾಗಿ ಹಾಕಿದೆ, ಹಕ್ಕಿ ಅದರ ನಡುವಿಂದ ತಾನಾಗಿ ಎದ್ದು ಬಂತು. ಹೊಟ್ಟೆಯ ನೆರಳಿಗೆ ತೆಳು ನೀಲಿಬೂದು, ಅದರಲ್ಲಿ ನೆಲದಿಂದ ಬಡಿಯುವ ಒಂದಿಷ್ಟು ಹಸಿರು. ಅಂದರೆ ಮಗಳು ಅರ್ಧ ಸರಿಯಾಗಿಯೇ ಹಚ್ಚಿದ್ದಳು! ಈಗ ನಾವಿಬ್ಬರೂ ಒಂದೇ ಹಾಳೆಯಲ್ಲಿ ಬಿಡಿಸುತ್ತೇವೆ. ಅವಳ ಹಕ್ಕಿಗಳಿಗೆ ಹಲ್ಲಿರುತ್ತದೆ, ನಾನು ಕೇಳೋಕೆ ಹೋಗಲ್ಲ.

ಕಾಗೆಪಕ್ಷ
ಹಲ್ಲಿರುವ ಹಕ್ಕಿ ಕೋಟ್ಯಂತರ ವರ್ಷದ ಹಿಂದೆ ನಿಜವಾಗಿಯೂ ಇದ್ದವು. ಮಗು ಸಂಶೋಧನೆ ಮಾಡುತ್ತಿದೆ, ತೊಂದರೆ ಕೊಡಬೇಡಿ.

ಒಪ್ಪಿದಕೆಲಸ
ಮಾರುವ ವಿಷಯ ಯಾರೂ ಮುಟ್ಟಲಿಲ್ಲ, ನಾನು ಮುಟ್ಟುತ್ತೇನೆ. ಮಾರಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ. ಪರಿಚಯದವರೊಬ್ಬರು ತಮ್ಮ ಸಾಕು ಗಿಳಿಯ ಚಿತ್ರ ಬೇಕು ಅಂದರು. ನೆರಳಲ್ಲಿ ತೆಗೆದ ಒಂದು ಮಸುಕು ಫೋಟೋ ಕೊಟ್ಟರು. ನಾನು ಹದಿನೈದು ದಿನ ಕೂತು ಬಿಡಿಸಿದೆ, ಕತ್ತಿನ ಸುತ್ತ ಗುಲಾಬಿ ಕಪ್ಪು ಪಟ್ಟಿಯನ್ನು ಮನಸಾರೆ ತಿದ್ದಿದೆ. ಕೊಟ್ಟೆ. ಅವರು ಒಂದು ನಿಮಿಷ ಸುಮ್ಮನಿದ್ದು "ಇದು ನಮ್ಮ ಗಿಳಿ ಅಲ್ಲ" ಅಂದರು. ಅವರದು ಹೆಣ್ಣು. ಹೆಣ್ಣಿಗೆ ಆ ಪಟ್ಟಿ ಇರಲ್ಲ. ಗಿಳಿ ಅಂದರೆ ಪಟ್ಟಿ ಇರುತ್ತದೆ ಅಂತ ನಾನೇ ಸೇರಿಸಿದ್ದೆ, ಫೋಟೋ ಸರಿಯಾಗಿ ನೋಡಿಯೇ ಇರಲಿಲ್ಲ.

ಪಟ್ಟಿ ಅಳಿಸಿ ಕೊಟ್ಟೆ, ದುಡ್ಡೂ ಬಂತು. ಆದರೆ ಆಮೇಲೆ ಮೂರು ತಿಂಗಳು ಹಸಿರು ಟ್ಯೂಬ್ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಮಾರಬೇಡಿ ಅಂತ ಹೇಳುತ್ತಿಲ್ಲ. ಮನೆಯವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಮಾರುವುದು ಇನ್ನೊಂದು ಕೆಲಸ, ಅದಕ್ಕೆ ಬೇರೆ ಚರ್ಮ ಬೇಕು.

ಮೂರನೇಸುತ್ತು
ಲೈಕಿನ ವಿಷಯವೂ ಅಷ್ಟೇ. ನಾನು ಒಂದು ಸ್ಕೆಚ್‌ಬುಕ್ ಯಾರಿಗೂ ತೋರಿಸದ್ದು ಅಂತ ಇಟ್ಟಿದ್ದೇನೆ. ಹೆಂಡತಿಗೂ ತೋರಿಸಲ್ಲ. ಅವಳು ಕದ್ದು ನೋಡಿರುತ್ತಾಳೆ, ಅದು ಬೇರೆ. ಹೊರಗೆ ಹಾಕೋದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಕೈ ಬೇರೆ ಥರವೇ ಓಡುತ್ತದೆ.

ದಿನಕ್ಕೊಂದುಗೆರೆ
ನಿಂತೇ ಇರುವ ಹಕ್ಕಿ ಬೇಕಾದರೆ ಕೊಳದ ಬಕ ಹುಡುಕಿ. ಬಕಧ್ಯಾನ ಅಂತ ಸುಮ್ನೆ ಹೇಳಿದ್ದಾರಾ. ನೀರಿನ ಅಂಚಿನಲ್ಲಿ ಹತ್ತು ನಿಮಿಷ ಅಲ್ಲಾಡಲ್ಲ. ಕಂದು ಕಂದಾಗಿ ಕೂತಿರುತ್ತದೆ, ನೀವು ಎಲ್ಲ ಬಣ್ಣ ಬೆರೆಸಿ ಮುಗಿಸೋ ಹೊತ್ತಿಗೆ ಹಾರಿ, ಅಚ್ಚ ಬಿಳಿ ರೆಕ್ಕೆ ತೋರಿಸಿ ಹೋಗುತ್ತದೆ. ಬೇಕಂತಲೇ ಮಾಡುತ್ತದೆ.

ಅರೆಬರೆಕುಂಚ
ಹನ್ನೆರಡು ದಿನ ಆಯಿತು, ಬಂದು ವರದಿ ಒಪ್ಪಿಸದಿದ್ದರೆ ಮರ್ಯಾದೆ ಅಲ್ಲ.

ಮೊದಲು ಹಳೇಪೆನ್ಸಿಲ್ ಸಾರ್ ಹೇಳಿದ ಹಾಗೆ ಬೆಳಿಗ್ಗೆ ಕಿಟಕಿ ಹತ್ತಿರ ಇಟ್ಟು ನೋಡಿದೆ. ಇನ್ನೂ ಕೆಟ್ಟದಾಗಿ ಕಾಣಿಸಿತು. ಕ್ಷಮಿಸಿ ಸಾರ್. ಅದನ್ನು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟೆ, ಅರ್ಧ ನೆಮ್ಮದಿ ಅಲ್ಲೇ ಬಂತು.

ಆಮೇಲೆ ಕಾಗೆ. ಮೊದಲ ದಿನ ಎರಡು ಬಿಡಿಸಿ ಸಿಟ್ಟು ಬಂದು ಎದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ ಬಂದು ಕೂತು ಒಂದೇ ಕಾಲಲ್ಲಿ ನಿಂತು ಇನ್ನೊಂದರಿಂದ ಕತ್ತು ಕೆರೆದುಕೊಂಡಿತು. ಕೆರೆಯುವಾಗ ಕಾಲನ್ನು ರೆಕ್ಕೆಯ ಮೇಲಿಂದ ತಂದು, ಕಣ್ಣು ಅರೆ ಮುಚ್ಚಿ, ಕತ್ತಿನ ಬೂದು ಗರಿಗಳನ್ನೆಲ್ಲ ಉಬ್ಬಿಸಿ, ಎಷ್ಟು ಸುಖ ಅದಕ್ಕೆ! ನಾನು ಕೈಗೆ ಸಿಕ್ಕ ಲಕೋಟೆಯ ಹಿಂದೆ ಗೀಚಿದೆ. ಗೀಚಿ ಮುಗಿಸಿದ ಮೇಲೆ ನೋಡಿಕೊಂಡರೆ ಆಫೀಸಿನ ಬ್ಯಾಗ್ ಇನ್ನೂ ಹೆಗಲ ಮೇಲೇ ಇತ್ತು.

ಈಗ ನಲವತ್ತು ಚಿಲ್ಲರೆ ಕಾಗೆ ಆಗಿವೆ. ಎಲ್ಲೂ ಹಾಕಿಲ್ಲ, ಹಾಕೋದೂ ಇಲ್ಲ, ಕೇಳಬೇಡಿ. ಮೊನ್ನೆ ಭಾನುವಾರ ಹಗಲು ಹೊತ್ತು ಅಂಗೈ ಅಗಲದ ಹಾಳೆಯಲ್ಲಿ ಹೊಸ ಮಿಂಚುಳ್ಳಿ ಬಿಡಿಸಿದೆ. ಕಿತ್ತಳೆ ಹಾಕಿ, ಎದ್ದು ಹೋಗಿ, ಬಟ್ಟೆ ಮಡಚಿ ಬಂದು, ಕೈ ಹಿಂಬದಿಯಿಂದ ಮುಟ್ಟಿ ನೋಡಿ, ಆಮೇಲೆ ನೀಲಿ ಹಾಕಿದೆ. ಬೆನ್ನಿನ ಮೇಲೆ ಥಾಲೋ ಒಂದೇ ಸಲ. ಉಜ್ಜಲಿಲ್ಲ. ಅದೊಂದನ್ನು ಮಾತ್ರ ಕೆಳಗೆ ಹಾಕಿದ್ದೇನೆ, ನೋಡಿ ಬೈಯಿರಿ. ಅವನ ಬೆನ್ನು ಈ ಸಲ ಹೊಳೆಯುತ್ತಿದೆ ಅಂತ ನನಗನ್ನಿಸುತ್ತದೆ.

ನೀರುಬಣ್ಣ
ಹೊಳೆಯುತ್ತಿದೆ. ಕುತ್ತಿಗೆಯ ಪಕ್ಕದ ಬಿಳಿಯನ್ನು ಹಾಳೆಯಾಗಿಯೇ ಬಿಟ್ಟಿದ್ದು ಇನ್ನೂ ಚೆನ್ನಾಗಿದೆ.

ಹಳೇಪೆನ್ಸಿಲ್
ನನ್ನ ಸಲಹೆ ಕೆಲಸಕ್ಕೆ ಬರಲಿಲ್ಲ ಅಂತ ಇಷ್ಟು ಸಂತೋಷವಾಗಿ ಯಾರೂ ಹೇಳಿರಲಿಲ್ಲ.

ಕಾಗೆಪಕ್ಷ
ನಲವತ್ತು! ಬನ್ನಿ, ಪಕ್ಷಕ್ಕೆ ಸ್ವಾಗತ.

ಬೈನಾಕ್ಯುಲರ್
ಚೆನ್ನಾಗಿದೆ. ಎರಡು ತಿದ್ದುಪಡಿ. ಮಿಂಚುಳ್ಳಿಯ ಕಾಲು ಕೆಂಪು, ನೀವು ಬೂದು ಹಾಕಿದ್ದೀರಿ. ಮತ್ತೆ, ಕೆಳಕೊಕ್ಕು ಕೆಂಪಿದ್ದರೆ ಅದು ಹೆಣ್ಣು. ಗಂಡಿಗೆ ಎರಡೂ ಕಪ್ಪು. ಮೊದಲ ದಿನದಿಂದ ನೀವು "ಅವನು", "ಅವನು" ಅಂತಲೇ ಬರೆಯುತ್ತಿದ್ದೀರಿ.

ಒಪ್ಪಿದಕೆಲಸ
ನನ್ನ ಗಿಳಿ ನೆನಪಾಯಿತು.

ಅರೆಬರೆಕುಂಚ
ಅಯ್ಯೋ ದೇವರೇ. ಬೀರುವಿನ ಹಿಂದೆ ಇರೋಳ ಹತ್ತಿರವೂ ಕ್ಷಮೆ ಕೇಳಬೇಕು ಹಾಗಾದರೆ.

ರೆಕ್ಕೆಪುಕ್ಕ
ಕೇಳುವಾಗ ಬಾಲವನ್ನೂ ಒಂದು ಸಲ ನೋಡಿ ಬನ್ನಿ. ಹೊಸದರಲ್ಲಿ ಸ್ವಲ್ಪ ಉದ್ದ ಆಗಿದೆ.